ಮಾವನವರ ಹೆರಾಲ್ಡ್ ಕಾರೂ ನನ್ನ ಚೀಟಿ ದುಡ್ಡೂ

ಕುಕ್ಕರಿನ ಗ್ಯಾಸ್ಕೆಟ್ಟು ಸಡಿಲವಾಗಿ ಸುತ್ತಲೂ ಹಬೆ ಬರತೊಡಗಿದರೆ ನೀವೇನು ಮಾಡುತ್ತೀರಿ? ಸಂತೆಯಲ್ಲಿ ಗೋಣಿತಾಟಿನ ಮೇಲೆ ಹರಡಿಕೊಂಡು ಮಾರುವವನ ಹತ್ತಿರ ಸಿಗುವುದನ್ನು ತರುತ್ತೀರೋ, ಕಂಪೆನಿಯ ಹೆಸರು ಅಚ್ಚೊತ್ತಿದ್ದನ್ನೇ ಹುಡುಕಿಕೊಂಡು ಹೋಗುತ್ತೀರೋ? ನಾನಂತೂ ಎರಡನ್ನೂ ಮಾಡಿದ್ದೇನೆ. ತಿಂಗಳ ಮೊದಲ ವಾರವಾದರೆ ಕಂಪೆನಿಯದು, ಕೊನೆಯ ವಾರವಾದರೆ ಸಂತೆಯದು! ಆದರೆ ಕುಕ್ಕರಿನ ಮುಚ್ಚಳದ ಮೇಲಿನ ಸೇಫ್ಟಿ ವಾಲ್ವ್ ಹೋದಾಗ ಮಾತ್ರ ತಿಂಗಳ ಕೊನೆಯಾದರೂ ಸರಿ, ಸಂತೆಯದನ್ನು ತಂದವಳಲ್ಲ. ಹಬೆ ಸೋರಿದರೆ ಬೇಳೆ ಬೇಯುವುದು ತಡವಾಗುತ್ತದೆ ಅಷ್ಟೆ. ವಾಲ್ವ್ ಕೈಕೊಟ್ಟರೆ ಕುಕ್ಕರೇ ಸಿಡಿಯುತ್ತದೆ.

ಇಷ್ಟು ಬುದ್ಧಿ ನಮಗೆಲ್ಲ ಇದೆ. ಈ ಬುದ್ಧಿಯನ್ನೇ ಹಿಡಿದುಕೊಂಡು ನಾನೊಂದು ಅರವತ್ತು ವರ್ಷ ಹಳೆಯ ಕಾರಿನ ವಿಷಯದಲ್ಲಿ ತಲೆ ಹಾಕಬೇಕಾಗಿ ಬಂತು. ಆ ಕತೆಯನ್ನೇ ನಿಮಗೆ ಹೇಳಬೇಕೆಂದಿದ್ದೇನೆ. ಎಸ್ಸೆಸ್ಸೆಲ್ಸಿ ಮುಗಿಸಿದ ಹೆಂಗಸಿಗೆ ಕಾರಿನ ಬಿಡಿಭಾಗದ ಉಸಾಬರಿ ಏಕೆ ಅಂತ ನೀವು ಕೇಳಬಹುದು. ನಮ್ಮ ಯಜಮಾನರೂ ಮೊದಲು ಅದನ್ನೇ ಕೇಳಿದರು.

ನಾವಿರುವುದು ಬೆಂಗಳೂರಿನ ತುಮಕೂರು ರಸ್ತೆಯಲ್ಲಿ, ದಾಸರಹಳ್ಳಿಯ ಹತ್ತಿರ. ಪೀಣ್ಯದ ಎರಡನೇ ಹಂತದಲ್ಲಿ ನಮ್ಮವರದೊಂದು ಪುಟ್ಟ ಶೆಡ್ಡು. ಮೂರು ಲೇತು, ಒಂದು ಮಿಲ್ಲಿಂಗ್, ಇಬ್ಬರು ಹುಡುಗರು. ದೊಡ್ಡ ಕಾರ್ಖಾನೆಗಳು ಕೊಡುವ ನಕ್ಷೆ ನೋಡಿ ಬುಷ್ಷು, ಪಿನ್ನು, ಫ್ಲ್ಯಾಂಜು ತಿರುಗಿಸಿ ಕೊಡುವ ಜಾಬ್‌ವರ್ಕ್. ಅವರು ಮನೆಗೆ ಬಂದರೆ ಕೂಲಂಟಿನ ವಾಸನೆ ಅವರಿಗಿಂತ ಮೊದಲು ಬಾಗಿಲು ದಾಟುತ್ತದೆ. ಅವರ ಪ್ಯಾಂಟಿನ ಮಡಿಕೆಯಲ್ಲಿ ಉಳಿದ ಕಬ್ಬಿಣದ ಸುರುಳಿ ಎಷ್ಟು ಸಲ ನನ್ನ ಅಂಗೈಗೆ ಚುಚ್ಚಿದೆಯೋ ಲೆಕ್ಕವಿಲ್ಲ. ಮಾವನವರು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಟೂಲ್‌ರೂಮಿನಲ್ಲಿದ್ದವರು. 1953ರಲ್ಲಿ ಶುರುವಾದ ಆ ಕಾರ್ಖಾನೆಗೆ ಅವರು ಸೇರಿದ್ದು 1965ರಲ್ಲಿ. ಕೈಗಡಿಯಾರದ ವಿಭಾಗವಲ್ಲ, ಯಂತ್ರ ಮಾಡುವ ವಿಭಾಗ. ಒಂದು ಕೂದಲಿನ ದಪ್ಪವನ್ನು ಹತ್ತು ಭಾಗ ಮಾಡಿ ನೋಡುವ ಮನುಷ್ಯ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನನ್ನ ಚಪಾತಿಯನ್ನು ಬೆಳಕಿಗೆ ಹಿಡಿದು, "ಈ ಕಡೆ ಸ್ವಲ್ಪ ದಪ್ಪ ಉಳೀತಮ್ಮ" ಅಂದವರು!

ಅವರು 1978ರಲ್ಲಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಸೆಕೆಂಡ್‌ಹ್ಯಾಂಡಿಗೆ ಕೊಂಡರು. 1966ರ ಗಾಡಿ, ಎರಡು ಬಾಗಿಲಿನದು, ಎಂ ವೈ ಎಂದು ಶುರುವಾಗುವ ಮೈಸೂರು ರಾಜ್ಯದ ನಂಬರು. ಹಳೆಯ ಕಪ್ಪು ಬಿಳುಪು ಸಿನಿಮಾಗಳಲ್ಲಿ ನೀವು ನೋಡಿರುತ್ತೀರಿ, ಹಿಂದೆ ಸಣ್ಣ ರೆಕ್ಕೆಯಂತೆ ಎದ್ದಿರುವ, ಮುಂದೆ ಹುಬ್ಬು ಹಾರಿಸಿದಂತೆ ಕಾಣುವ ಪುಟ್ಟ ಕಾರು. ಇಂಗ್ಲೆಂಡಿನ ಟ್ರಯಂಫ್ ಕಂಪೆನಿ 1959ರಲ್ಲಿ ಹೊರತಂದದ್ದು. ರೂಪ ಬರೆದವರು ಇಟಲಿಯ ಮೈಕೆಲೊಟ್ಟಿ. 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪೆನಿಯವರು ಅದನ್ನು ಇಲ್ಲೇ ಮಾಡತೊಡಗಿದರು, 1971ರವರೆಗೂ. ಎರಡೇ ಬಾಗಿಲು ನಮ್ಮ ಜನಕ್ಕೆ ಹಿಡಿಸಲಿಲ್ಲವೆಂದು ಕೊನೆಕೊನೆಗೆ ನಾಲ್ಕು ಬಾಗಿಲಿನದನ್ನೂ ಮಾಡಿದರು. ಅದು ಇಂಗ್ಲೆಂಡಿನಲ್ಲೂ ಇರಲಿಲ್ಲ!

ಇದೇ ಹೆರಾಲ್ಡಿನ ಅಡಿಕಟ್ಟನ್ನು ಮೊಟಕು ಮಾಡಿ ಅದರ ಮೇಲೆ ಟ್ರಯಂಫಿನವರು ಸ್ಪಿಟ್‌ಫೈರ್ ಅನ್ನುವ ಸ್ಪೋರ್ಟ್ಸ್ ಕಾರನ್ನು ಮಾಡಿದರು. 1962ರಿಂದ 1980ರವರೆಗೆ ಅದು ಬಂತು. ನಮ್ಮದು ಸಂಸಾರಸ್ಥ ಅಕ್ಕನಾದರೆ ಅದು ಮಾಡು ಇಲ್ಲದ, ಗಾಳಿಗೆ ಕೂದಲು ಬಿಟ್ಟುಕೊಂಡು ಓಡುವ ತಂಗಿ. ಈ ಅಕ್ಕತಂಗಿಯರ ಸಂಬಂಧದಿಂದಲೇ ನಮ್ಮ ಕಾರು ಉಳಿದದ್ದು. ಅದು ಹೇಗೆಂದು ಮುಂದೆ ಹೇಳುತ್ತೇನೆ.

ನನ್ನ ನಾದಿನಿ ಹುಟ್ಟಿದಾಗ ವಾಣಿವಿಲಾಸ ಆಸ್ಪತ್ರೆಯಿಂದ ಮನೆಗೆ ಬಂದದ್ದು ಇದೇ ಕಾರಿನಲ್ಲಿ. ವರ್ಷಕ್ಕೊಮ್ಮೆ ಶಿವಗಂಗೆಗೆ ಹೋಗುತ್ತಿದ್ದದ್ದೂ ಇದರಲ್ಲೇ. 1996ರಲ್ಲಿ ಅದು ನಿಂತುಹೋಯಿತು. ಮಾವನವರು "ಈ ವರ್ಷ ರಿಪೇರಿ ಮಾಡಿಸೋಣ, ಬರೋ ವರ್ಷ ಮಾಡಿಸೋಣ" ಅನ್ನುತ್ತಲೇ 2018ರಲ್ಲಿ ತೀರಿಕೊಂಡರು. ಕಾರು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಕೂತಿತ್ತು. ಆದರೂ ಪ್ರತಿ ಆಯುಧಪೂಜೆಗೆ ಅತ್ತೆಯವರು ಅದಕ್ಕೆ ನೀರು ಚಿಮುಕಿಸಿ, ಚೆಂಡುಹೂ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಡಿಸುತ್ತಿದ್ದರು. ಓಡದ ಕಾರಿನ ಚಕ್ರದ ಕೆಳಗಿನ ನಿಂಬೆಹಣ್ಣು ಹಾಗೇ ಒಣಗಿ ಹೋಗುತ್ತಿತ್ತು. 2023ರ ಆಯುಧಪೂಜೆಯ ದಿನ ಅವರು ಮೊಮ್ಮಗನ ಕೈಹಿಡಿದು, "ನಾನು ಹೋಗೋದ್ರೊಳಗೆ ಒಂದ್ಸಲ ಇದ್ರಲ್ಲಿ ಶಿವಗಂಗೆಗೆ ಕರ್ಕೊಂಡು ಹೋಗು ಮಗ" ಅಂದರು. ಎಪ್ಪತ್ತಾರು ವಯಸ್ಸಿನ ಅಜ್ಜಿ ಕೇಳಿದ ಮೇಲೆ ಡಿಪ್ಲೊಮಾ ಓದುವ ಹುಡುಗ ಸುಮ್ಮನಿರುತ್ತಾನೆಯೇ? ಮಾರನೆಯ ದಿನವೇ ಟಾರ್ಪಾಲು ಕಿತ್ತ.

ಹೆರಾಲ್ಡಿನ ಬಾನೆಟ್ಟು ಉಳಿದ ಕಾರುಗಳ ಹಾಗಲ್ಲ. ಮಡ್‌ಗಾರ್ಡು, ದೀಪ ಎಲ್ಲ ಸೇರಿ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಟೈರಿನ ಮೇಲೆ ಕೂತು ಕೆಲಸ ಮಾಡಬಹುದು. ಒಳಗೆ ಇಲಿ ಗೂಡು ಕಟ್ಟಿತ್ತು. ಆ ಗೂಡಿನಲ್ಲಿ ನನ್ನ ಹಳೆಯ ರೇಷ್ಮೆ ರವಿಕೆಯ ತುಂಡು ಸಿಕ್ಕಿತು. ಎಂಟು ವರ್ಷದಿಂದ ಅದನ್ನು ಹುಡುಕುತ್ತಿದ್ದೆ.

ಇನ್ನು ಶುರುವಾಯಿತು ನೋಡಿ, ಸಾಮಾನಿನ ಬೇಟೆ. ಅಪ್ಪ ಮಗ ಭಾನುವಾರ ಬಂತೆಂದರೆ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ. ಒಂದು ಸಲ ರೈಲು ಹತ್ತಿ ಚೆನ್ನೈನ ಪುದುಪೇಟೆಗೂ ಹೋಗಿ ಬಂದರು. ಹಳೇ ಗಾಡಿಗಳನ್ನು ಬಿಚ್ಚಿ ಮಾರುವ ಕೇರಿ ಅದು. ಅಲ್ಲಿಂದ ಒಂದು ಗೋಣಿಚೀಲ ತುಂಬ ತುಕ್ಕು ತಂದು ನನ್ನ ತುಳಸಿಕಟ್ಟೆಯ ಮುಂದೆ ಸುರಿದರು. ಲೆಕ್ಕ ಬರೆಯುವುದು ನನ್ನ ಕೆಲಸ. ಶೆಡ್ಡಿನ ಕೈಸಾಲ, ಹಾಲಿನ ಲೆಕ್ಕ, ಚೀಟಿ ಎಲ್ಲವನ್ನೂ ಒಂದೇ ನೋಟುಪುಸ್ತಕದಲ್ಲಿ ಬರೆಯುತ್ತೇನೆ. ಅದಕ್ಕೆ 'ಕಾರು' ಅಂತ ಹೊಸ ಪುಟ ಸೇರಿತು. ಬರೆಯುತ್ತ ಬರೆಯುತ್ತ ನನಗೆ ಅವರ ಭಾಷೆ ಅರ್ಥವಾಗತೊಡಗಿತು. ಅಂಗಡಿಯವರು 'ಒರಿಜಿನಲ್' ಅಂದರೆ ಕಾರು ಮಾಡಿದ ಕಾಲದಲ್ಲೇ ತಯಾರಾಗಿ ಡಬ್ಬಿಯಲ್ಲೇ ಉಳಿದ ಹಳೇ ಸ್ಟಾಕು. 'ಲೋಕಲ್' ಅಂದರೆ ನಮ್ಮ ಪೀಣ್ಯದಂಥ ಕಡೆ ನೋಡಿ ಮಾಡಿದ್ದು. 'ಡೂಪ್ಲಿಕೇಟ್' ಅಂದರೆ ಲೋಕಲ್ ಮಾಡಿ ಮೇಲೆ ಒರಿಜಿನಲ್ ಹೆಸರು ಅಂಟಿಸಿದ್ದು. ಲೋಕಲ್ ಮಾಡುವವನು ಮರ್ಯಾದಸ್ಥನಾಗಿರಬಹುದು. ಹೆಸರು ಅಂಟಿಸುವವನು ಕಳ್ಳ. ಇದು ಮಾತ್ರ ನನ್ನ ಖಚಿತವಾದ ಅಭಿಪ್ರಾಯ, ನಮ್ಮ ಮನೆಯವರ ಅನ್ನ ಲೋಕಲ್ ಕೆಲಸದಿಂದ ಬರುವುದರಿಂದ ಹೇಳುತ್ತಿಲ್ಲ!

ಕೆಲವು ಸುಲಭವಾಗಿ ಆಯಿತು. ರೇಡಿಯೇಟರು ತಾಮ್ರ ಹಿತ್ತಾಳೆಯದು, ಹಳೆಯ ಕೈಯವರೊಬ್ಬರು ಒಳಗಿನ ಜಾಲರಿ ಹೊಸದು ಕೂರಿಸಿ ಬೆಸುಗೆ ಹಾಕಿಕೊಟ್ಟರು. ಸ್ಟಾರ್ಟರನ್ನೂ ಡೈನಮೋವನ್ನೂ ಸುರುಳಿ ಸುತ್ತುವವರು ಎಬ್ಬಿಸಿ ಕೊಟ್ಟರು. ಟೈರು ಹದಿಮೂರು ಅಂಗುಲದ್ದು, ಈಗಿನ ಸಣ್ಣ ಕಾರುಗಳದ್ದೇ ಹೊಂದಿತು. ಸೀಟಿನ ರೆಕ್ಸಿನ್ನು ನಾನೇ ಆರಿಸಿದೆ, ಕೆಂಪು. ಮಗ ಮುಖ ಸಿಂಡರಿಸಿದ, ಇರಲಿ.

ಬ್ರೇಕಿಗೆ ಬಂದಾಗ ಮಗ ಒಂದು ಜೊತೆ ಹಳೇ ಸ್ಟಾಕಿನ ಡಬ್ಬಿ ಹುಡುಕಿ ತಂದ. ಅಂಗಡಿಯವನು ಅಟ್ಟದಿಂದ ಇಳಿಸಿ ಕೊಟ್ಟದ್ದಂತೆ. ಸೀಲು ಒಡೆಯದ ರಟ್ಟಿನ ಪೆಟ್ಟಿಗೆ, ಒಳಗೆ ಎಣ್ಣೆಕಾಗದದಲ್ಲಿ ಸುತ್ತಿಟ್ಟ ರಬ್ಬರ್ ಬಟ್ಟಲುಗಳು. "ಅಮ್ಮ, ನೋಡು, ಇದು ಐವತ್ತು ವರ್ಷದಿಂದ ಯಾರೂ ಮುಟ್ಟಿಲ್ಲ!" ಅಂತ ಚಿನ್ನ ಸಿಕ್ಕಿದವನಂತೆ ಕುಣಿದ. ಒಂದೇ ಜೊತೆ ಸಿಕ್ಕಿದ್ದರಿಂದ ಅವನ್ನು ಮುಂದಿನ ಚಕ್ರಗಳಿಗೆ ಹಾಕಿ, ಹಿಂದಿನ ಚಕ್ರಗಳಿಗೆ ಲೋಕಲ್ ಕಿಟ್ಟು ಹಾಕಿದರು. ಒರಿಜಿನಲ್ಲಿಗೆ 2,800 ರೂಪಾಯಿ, ಲೋಕಲ್ಲಿಗೆ 180. ನನ್ನ ಪುಸ್ತಕದಲ್ಲಿದೆ.

2024ರ ಶ್ರಾವಣದ ಒಂದು ಸಂಜೆ ಕಾರು ತನ್ನ ಕಾಲ ಮೇಲೆ ತಾನು ಹೊರಟಿತು. ಅತ್ತೆಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಗ ಬೀದಿ ತುದಿಯ ಗಣೇಶನ ಗುಡಿಯವರೆಗೆ ಹೋಗಿ ಬರುತ್ತೇನೆ ಅಂದ. ನಮ್ಮ ಬೀದಿ ಗುಡಿಯ ಕಡೆಗೆ ಇಳಿಜಾರು. ನಾನು ಗೇಟಿನಲ್ಲಿ ಆರತಿ ತಟ್ಟೆ ಹಿಡಿದುಕೊಂಡೇ ನಿಂತಿದ್ದೆ. ಅರ್ಧ ದಾರಿ ಹೋದ ಕಾರು ನಿಧಾನವಾಗುವ ಬದಲು ಜೋರಾಯಿತು. ಎದುರಿಗೆ ಪಕ್ಕದ ಮನೆಯ ಮಗು ಸೈಕಲ್ ಮೇಲೆ. ಮಗು ಅದು ಹೇಗೋ ಬದಿಗೆ ಸರಿಯಿತು. ಕಾರು ಹೋಗಿ ಮನೆ ಕಟ್ಟುವವರು ಹಾಕಿದ್ದ ಮರಳಿನ ರಾಶಿಗೆ ನುಗ್ಗಿ ನಿಂತಿತು.

ನನ್ನ ಕೈಯಿಂದ ತಟ್ಟೆ ಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಅತ್ತೆಯವರ ಕನ್ನಡಕ ಒಡೆದು, ಮಣಿಕಟ್ಟು ಊದಿಕೊಂಡಿತ್ತು. ಅಷ್ಟಕ್ಕೇ ಮುಗಿಯಿತು. ಮಗ ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದ, ಮುಖದಲ್ಲಿ ರಕ್ತವಿಲ್ಲ. "ಪೆಡಲ್ಲು ನೆಲಕ್ಕೆ ಹೋಯ್ತಮ್ಮ, ಹ್ಯಾಂಡ್‌ಬ್ರೇಕ್ ಎಳೆದೆ" ಅಂದ. ಆ ಕಾಲದ ಕಾರಿನಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಒಂದೇ ಎಣ್ಣೆಯ ದಾರಿ. ಒಂದು ಕಡೆ ಸೋರಿದರೆ ನಾಲ್ಕೂ ಹೋಯಿತು. ಹ್ಯಾಂಡ್‌ಬ್ರೇಕು ಮಾತ್ರ ಬೇರೆ, ತಂತಿಯಿಂದ ಹಿಂದಿನ ಚಕ್ರ ಹಿಡಿಯುತ್ತದೆ. ಅದೂ ಇಲ್ಲದಿದ್ದರೆ? ಆ ರಾತ್ರಿ ನಾನು ಮಲಗಲಿಲ್ಲ. ಪಕ್ಕದ ಮನೆಯಾಕೆ ಏನೂ ಅನ್ನಲಿಲ್ಲ. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಬಿಚ್ಚಿ ನೋಡಿದಾಗ ಸೋರಿದ್ದು ಯಾವುದು ಅಂತೀರಿ? 180 ರೂಪಾಯಿಯ ಲೋಕಲ್ ಅಲ್ಲ. ಐವತ್ತು ವರ್ಷ ಯಾರೂ ಮುಟ್ಟದ ಒರಿಜಿನಲ್! ಕಬ್ಬಿಣ, ಹಿತ್ತಾಳೆ ಡಬ್ಬಿಯಲ್ಲಿದ್ದರೆ ಕೆಡುವುದಿಲ್ಲ. ರಬ್ಬರು ಹಾಗಲ್ಲ, ಯಾರೂ ಮುಟ್ಟದಿದ್ದರೂ ತನ್ನಷ್ಟಕ್ಕೆ ತಾನು ಗಟ್ಟಿಯಾಗಿ ಅಂಚಿನಲ್ಲಿ ಬಿರುಕು ಬಿಡುತ್ತದೆ. ವಡೆಯ ಡಬ್ಬಕ್ಕೆ ಹಾಕುವ ರಬ್ಬರ್‌ಬ್ಯಾಂಡನ್ನು ಎರಡು ವರ್ಷ ಡ್ರಾಯರಿನಲ್ಲಿಟ್ಟು ಆಮೇಲೆ ಎಳೆದು ನೋಡಿ, ಪಟ್ಟನೆ ತುಂಡಾಗುತ್ತದೆ. ನನಗೆ ಗೊತ್ತಿದ್ದ ವಿಷಯ. ಆದರೆ ರಟ್ಟಿನ ಪೆಟ್ಟಿಗೆಯ ಮೇಲಿನ ಇಂಗ್ಲಿಷ್ ಅಕ್ಷರ ನೋಡಿ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಅದರ ಜೊತೆಗೆ ಆ ರಬ್ಬರು ಕೂರುವ ಸಿಲಿಂಡರಿನ ಒಳಗೋಡೆ ತುಕ್ಕು ತಿಂದು ಸಿಡುಬಿನ ಕಲೆಯಂತೆ ಗುಳಿ ಬಿದ್ದಿತ್ತು. ಹೊಸ ರಬ್ಬರು ಹಾಕಿದರೂ ಅದರ ಮೇಲೆ ಉಜ್ಜಿ ಹರಿಯುತ್ತಿತ್ತು.

ಅಲ್ಲಿಂದ ನಾನು ಅಡಿಗೆಮನೆಯಿಂದ ಹೊರಗೆ ಬಂದೆ. "ಇನ್ನು ಮುಂದೆ ಪ್ರತಿಯೊಂದು ಸಾಮಾನೂ ನನಗೆ ತೋರಿಸದೆ ಹಾಕೋ ಹಾಗಿಲ್ಲ ರೀ" ಅಂದೆ. "ನಿನಗೇನು ಗೊತ್ತಾಗುತ್ತೆ?" ಅಂದರು. "ಗೊತ್ತಾಗೋ ಹಾಗೆ ಹೇಳಿ. ಹೇಳೋಕ್ಕೆ ಆಗದಿದ್ರೆ ನಿಮಗೂ ಗೊತ್ತಿಲ್ಲ ಅಂತಾಯ್ತು" ಅಂದೆ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಬಹುಶಃ ಅದೇ ಮೊದಲು. ಅವರು ಸುಮ್ಮನೆ ಊಟ ಮಾಡಿ ಎದ್ದರು. ಆದರೆ ಮಾರನೆಯ ದಿನದಿಂದ ಹೇಳತೊಡಗಿದರು.

ಸಾಮಾನುಗಳನ್ನೆಲ್ಲ ಒಂದು ಹಳೇ ಚಾಪೆಯ ಮೇಲೆ ಹರಡಿದೆವು. ಪ್ರತಿಯೊಂದಕ್ಕೂ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇದು ಓಡುತ್ತಿರುವಾಗ ಮುರಿದರೆ ಏನಾಗುತ್ತದೆ? ಗಾಡಿ ನಿಲ್ಲುತ್ತದೆ ಅಂದರೆ ಹಳೆಯದು, ಲೋಕಲ್, ಗುಜರಿ ಯಾವುದಾದರೂ ಸರಿ. ಗಾಡಿ ನಿಲ್ಲುವುದಿಲ್ಲ ಅಥವಾ ತಿರುಗುವುದಿಲ್ಲ ಅಂದರೆ ಅದನ್ನು ಬೇರೆ ಇಡಿ. ಬೇರೆ ಇಟ್ಟದ್ದು ಒಂದು ಮೊರದಷ್ಟೂ ಆಗಲಿಲ್ಲ. ಚಿಂತೆಯೆಲ್ಲ ಅಷ್ಟರಲ್ಲೇ ಇತ್ತು.

ಬ್ರೇಕಿನ ಸಿಲಿಂಡರುಗಳನ್ನು ನಮ್ಮವರೇ ಶೆಡ್ಡಿನಲ್ಲಿ ಕೊರೆದು ಒಳಗೆ ಸ್ಟೇನ್‌ಲೆಸ್ ಸ್ಟೀಲಿನ ತೆಳು ಕೊಳವೆ ಕೂರಿಸಿ, ಕನ್ನಡಿಯ ಹಾಗೆ ನಯಮಾಡಿದರು. ಇನ್ನು ತುಕ್ಕು ಹಿಡಿಯುವ ಮಾತಿಲ್ಲ. ರಬ್ಬರು ಮಾತ್ರ ತಯಾರಾದ ವರ್ಷ ಅಚ್ಚಾಗಿರುವ ಹೊಸದು. ಮೊದಲು ಎರಡು ಬೇರೆಬೇರೆ ಜಾತಿಯ ಬ್ರೇಕ್ ಎಣ್ಣೆ ಬೆರೆತಿತ್ತೋ ಏನೋ ಎಂದು ಕೊಳವೆಗಳನ್ನೂ ಬದಲಿಸಿದರು. ಎಂಜಿನ್ನಿಗೆ ಹಾಕುವಂಥ ಎಣ್ಣೆ ಒಂದು ಚೂರು ಸೇರಿದರೂ ಬ್ರೇಕಿನ ರಬ್ಬರು ಹಪ್ಪಳದ ಹಾಗೆ ಉಬ್ಬಿಕೊಳ್ಳುತ್ತದಂತೆ.

ಪೆಟ್ರೋಲಿನ ಕೊಳವೆಯ ಕತೆ ಬೇರೆ. ಈಗ ಬಂಕುಗಳಲ್ಲಿ ಬರುವ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಬೆರೆಸುತ್ತಾರೆ, ಕಬ್ಬು, ಜೋಳದಿಂದ ತೆಗೆಯುವ ಸ್ಪಿರಿಟ್ಟು. 1966ರ ರಬ್ಬರಿಗೆ ಅದು ವಿಷ, ಕೊಳವೆಯೂ ಪಂಪಿನೊಳಗಿನ ತೊಗಲಿನಂಥ ಪದರವೂ ಮೆತ್ತಗಾಗಿ ಸೋರುತ್ತವೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಹೇಳಬೇಕೆ? ಇಲ್ಲಿ ಒರಿಜಿನಲ್ ಹುಡುಕುವುದೇ ತಪ್ಪು. ಈ ಕಾಲದ ಪೆಟ್ರೋಲಿಗೆ ಈ ಕಾಲದ ರಬ್ಬರೇ ಬೇಕು. ಮಗನಿಗೆ ಕೊಂಚ ಬೇಸರವಾಯಿತು. ಅವನಿಗೆ ಎಲ್ಲವೂ 1966ರಂತೆಯೇ ಇರಬೇಕು. ಐವತ್ತು ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿದೆ, 20,000 ರೂಪಾಯಿ ಶುಲ್ಕ, ಗಾಡಿಯ ಮೂಲ ರೂಪ ಕೆಟ್ಟಿರಬಾರದು. ಅವನಿಗೆ ಆ ನಂಬರಿನ ಆಸೆ. ಆದರೆ ಹಾಗೆ ಮಾಡಿಸಿದರೆ ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ ಮಾತ್ರ ರಸ್ತೆಗಿಳಿಸಬೇಕಂತೆ. ಶಿವಗಂಗೆಯ ಗಂಗಾಧರೇಶ್ವರನ ದರ್ಶನ ಪ್ರದರ್ಶನಕ್ಕೆ ಸೇರುತ್ತದೆಯೇ? ಹಳೆಯ ನೋಂದಣಿಯನ್ನೇ ನವೀಕರಿಸಿದೆವು.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ಹೆರಾಲ್ಡಿನ ಮುಂದಿನ ಚಕ್ರವನ್ನು ಹೊತ್ತು ನಿಲ್ಲಿಸುವುದು ಒಂದು ಉಕ್ಕಿನ ಕಂಬಿ. ಅದರ ಕೆಳತುದಿಯಲ್ಲಿ ತಿರುಪಿನಂತೆ ಥ್ರೆಡ್ಡು. ಆ ತುದಿ ಹಿತ್ತಾಳೆ ಬಣ್ಣದ ಒಂದು ಗೂಡಿನೊಳಗೆ ಕೂರುತ್ತದೆ. ಅದಕ್ಕೆ ಟ್ರನಿಯನ್ ಅನ್ನುತ್ತಾರೆ. ಸ್ಟೀರಿಂಗ್ ತಿರುಗಿಸಿದಾಗೆಲ್ಲ ಕಂಬಿ ಆ ಗೂಡಿನಲ್ಲಿ ತಿರುಪಿನ ಹಾಗೆ ತಿರುಗುತ್ತದೆ. ಬಲಗಡೆಯದಕ್ಕೆ ಬಲ ಥ್ರೆಡ್ಡು, ಎಡಗಡೆಯದಕ್ಕೆ ಎಡ ಥ್ರೆಡ್ಡು, ನಮ್ಮ ಕಿವಿಯ ಓಲೆಯ ತಿರುಪಿನ ಹಾಗೆ ಯಾವುದನ್ನು ಯಾವುದಕ್ಕಾದರೂ ಹಾಕಲಾಗುವುದಿಲ್ಲ. ಹೆರಾಲ್ಡಿನ ಬಲವೂ ಇದೇ, ಬಡಪಾಯಿತನವೂ ಇದೇ. ಇದರಿಂದಲೇ ಆ ಕಾರು ಇಪ್ಪತ್ತೈದು ಅಡಿಯಲ್ಲಿ ಗಿರಕ್ಕನೆ ತಿರುಗುತ್ತದೆ, ನಮ್ಮ ಓಣಿಯಲ್ಲೂ. ಆದರೆ ಆ ಗೂಡಿಗೆ ಎಣ್ಣೆ ಹಾಕಬೇಕು, ಗ್ರೀಸು ಹಾಕಬಾರದು. ಗ್ರೀಸು ಒಳಗೆ ಗಟ್ಟಿಯಾಗಿ ದಾರಿ ಮುಚ್ಚುತ್ತದೆ, ನೀರು ಸೇರಿ ಕಂಬಿ ಥ್ರೆಡ್ಡಿನ ಹತ್ತಿರ ತುಕ್ಕು ತಿನ್ನುತ್ತದೆ, ಒಂದು ದಿನ ತಿರುವಿನಲ್ಲಿ ಪಟ್ಟನೆ ಮುರಿದು ಚಕ್ರ ಮಡಿಚಿ ಬೀಳುತ್ತದೆ.

ಇದು ನಮಗೆ ಹೇಗೆ ತಿಳಿಯಿತು? ಟ್ರಂಕಿನಲ್ಲಿ ಮಾವನವರ ಹಳೇ ಡೈರಿಗಳಿದ್ದವು. ಒಂದರಲ್ಲಿ ಅವರ ಮುತ್ತಿನಂಥ ಅಕ್ಷರದಲ್ಲಿ, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ಬರೆದಿತ್ತು: 'ಮುಂದಿನ ಟ್ರನಿಯನ್. ಗೇರ್ ಎಣ್ಣೆ ಮಾತ್ರ. ಗ್ರೀಸ್ ಹಾಕಕೂಡದು.' ಕಾರು ಬಿಚ್ಚಿದಾಗ ಆ ಗೂಡಿನಲ್ಲಿ ಏನಿತ್ತು ಗೊತ್ತೆ? ಕರಿಬೆಲ್ಲದ ಪಾಕ ಕಟ್ಟಿದಂತೆ ಗಟ್ಟಿಯಾದ ಗ್ರೀಸು. ಯಾವನೋ ಮೆಕ್ಯಾನಿಕ್ ತುಂಬಿದ್ದ. ಎಡಗಡೆಯ ಕಂಬಿಯನ್ನು ಒರೆಸಿ ನೋಡಿದರೆ ಕುತ್ತಿಗೆಯ ಹತ್ತಿರ ಕೂದಲೆಳೆಯ ಬಿರುಕು. ಮರಳಿನ ರಾಶಿಗೆ ನುಗ್ಗದೆ ಶಿವಗಂಗೆಯ ದಾರಿಯಲ್ಲಿ ಹೋಗಿದ್ದರೆ ಏನಾಗುತ್ತಿತ್ತೋ!

ನಮ್ಮವರು ಆ ಕಂಬಿಯನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ತಿರುಗಿಸಿ ನೋಡಿದರು. "ನಾನೇ ಮಾಡ್ತೀನಿ. ಒಳ್ಳೇ ಸ್ಟೀಲ್ ತಂದು ತಿರುಗಿಸಿ, ಹೀಟ್ ಟ್ರೀಟ್‌ಮೆಂಟ್ ಮಾಡಿಸ್ತೀನಿ. ಮೂವತ್ತು ವರ್ಷದಿಂದ ಏನು ಮಾಡ್ತಿದೀನಿ ಮತ್ತೆ?" ಅಂದರು. ಮಗ ಇಂಗ್ಲೆಂಡಿನಿಂದ ತರಿಸೋಣ ಅಂದ. ಸ್ಪಿಟ್‌ಫೈರಿಗೂ ಈ ಕಂಬಿ, ಗೂಡಿನದೇ ಜಾತಿ. ಹೆರಾಲ್ಡ್ ಒಂದೇ ಇಂಗ್ಲೆಂಡಿನಲ್ಲಿ ಐದು ಲಕ್ಷಕ್ಕೂ ಮೇಲೆ ತಯಾರಾಗಿತ್ತು. ತಂಗಿಯ ಕಾರನ್ನು ಅಲ್ಲಿ ಇನ್ನೂ ಪ್ರೀತಿಯಿಂದ ಓಡಿಸುವವರಿದ್ದಾರೆ, ಆದ್ದರಿಂದ ಅಲ್ಲಿ ಇವತ್ತಿಗೂ ಹೊಸದಾಗಿ ಮಾಡಿ ಮಾರುತ್ತಾರೆ. ಎರಡೂ ಬದಿಯದು, ಸಾಗಣೆ, ಸುಂಕ ಸೇರಿ ಲೆಕ್ಕ ಹಾಕಿದರೆ 46,000 ರೂಪಾಯಿ! "ಅಷ್ಟು ದುಡ್ಡು ಕೊಟ್ಟು ಪರದೇಶದ ಕಬ್ಬಿಣ ತರೋದು ಪೀಣ್ಯದಲ್ಲಿ ಕೂತು? ಜನ ನಗ್ತಾರೆ" ಅಂದರು ನಮ್ಮವರು.

ಅವರ ಮಾತಿನಲ್ಲಿ ಬರೀ ಹಣದ ಲೆಕ್ಕ ಇರಲಿಲ್ಲ, ನನಗೆ ಗೊತ್ತಿತ್ತು. ಅಪ್ಪನ ಕಾರು. ಅಪ್ಪನಷ್ಟು ಕೈಗುಣ ತನಗಿಲ್ಲ ಅನ್ನುವುದು ಅವರ ಮನಸ್ಸಿನಲ್ಲಿ ಯಾವತ್ತಿಗೂ ಇದ್ದ ಮುಳ್ಳು. ಅದಕ್ಕೇ ನಾನು ಒಂದು ವಾರ ಏನೂ ಅನ್ನಲಿಲ್ಲ. ಅವರು ಒಂದು ಕಂಬಿ ಮಾಡಿಯೂ ಮಾಡಿದರು. ನೋಡಲು ಎಷ್ಟು ಚೆಂದ ಇತ್ತೆಂದರೆ ದೇವರ ಮುಂದೆ ಇಡಬಹುದಿತ್ತು. ರಾತ್ರಿ ಊಟ ಬಡಿಸುವಾಗ ಕೇಳಿದೆ, "ರೀ, ಇದನ್ನ ನೀವು ಬೇರೆ ಯಾರಿಗಾದ್ರೂ, ದುಡ್ಡು ತಗೊಂಡು, ಅವರ ಹೆಂಡ್ತಿ ಮಕ್ಕಳು ಕೂರೋ ಕಾರಿಗೆ ಮಾಡಿ ಕೊಡ್ತಿದ್ರಾ?"

ಅವರು ತುತ್ತು ಹಿಡಿದುಕೊಂಡೇ ಕೂತರು. ಆಮೇಲೆ ತಾವೇ ಹೇಳಿದರು. ಮೂಲದ ಕಂಬಿ ಕಾಯಿಸಿ ಅಚ್ಚಿನಲ್ಲಿ ಬಡಿದು ಮಾಡಿದ್ದಂತೆ. ಹಾಗೆ ಬಡಿದಾಗ ಉಕ್ಕಿನ ಎಳೆ ಕಂಬಿಯ ಆಕಾರಕ್ಕೇ ಬಾಗಿ ಕೂರುತ್ತದೆ. ಉಂಡೆಸರಳನ್ನು ಲೇತಿನಲ್ಲಿ ಕೆತ್ತಿದರೆ ಎಳೆ ತುಂಡಾಗುತ್ತದೆ. ಮರದ ಸಹಜ ಕವಲಿನಿಂದ ಮಾಡಿದ ನೇಗಿಲಿಗೂ ಹಲಗೆ ಕೊಯ್ದು ಮಾಡಿದ ನೇಗಿಲಿಗೂ ಇರುವ ವ್ಯತ್ಯಾಸ. "ಕೊಡ್ತಿರಲಿಲ್ಲ" ಅಂದರು. ಅಷ್ಟೇ. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ನಾನು ಚೀಟಿ ಎತ್ತಿದೆ. ಅಡಿಗೆಮನೆಯ ಕಡಪಕಲ್ಲಿನ ಕಟ್ಟೆ ಕಿತ್ತು ಗ್ರಾನೈಟು ಹಾಕಿಸಲು ಮೂರು ವರ್ಷದಿಂದ ಕಟ್ಟುತ್ತಿದ್ದ ಚೀಟಿ. ನಿಜ ಹೇಳುತ್ತೇನೆ, ದುಡ್ಡು ಎಣಿಸಿಕೊಡುವಾಗ ಹೊಟ್ಟೆ ಉರಿಯಿತು. ದೊಡ್ಡ ಮನಸ್ಸು ಮಾಡಿ ಕೊಟ್ಟೆ ಅಂತ ನಿಮ್ಮ ಮುಂದೆ ಸುಳ್ಳು ಹೇಳಲಾರೆ.

ಆರು ವಾರಕ್ಕೆ ಪೆಟ್ಟಿಗೆ ಬಂತು. ಇಂಗ್ಲೆಂಡಿನದು ಅಂದ ಮೇಲೆ ಮುಗಿಯಿತಲ್ಲ ಅಂದುಕೊಂಡಿದ್ದೆ. ನಮ್ಮವರು ಮೈಕ್ರೋಮೀಟರ್ ತಂದು, ಕನ್ನಡಕ ಏರಿಸಿ, ಒಂದೊಂದನ್ನೂ ಅಳೆದರು. ಬಲಗಡೆಯದು ಚೆನ್ನಾಗಿತ್ತು. ಎಡಗಡೆಯ ಹೊಸ ಗೂಡಿನಲ್ಲಿ ಕಂಬಿ ಲೊಡಲೊಡ ಅಲ್ಲಾಡಿತು! ಥ್ರೆಡ್ಡು ಸಡಿಲವಾಗಿ ಕತ್ತರಿಸಿದ್ದರು. "ನಮ್ಮ ಶೆಡ್ಡಿಂದ ಇಂಥದ್ದು ಆಚೆ ಹೋಗಿದ್ರೆ ಕಾರ್ಖಾನೆಯವರು ಮುಖಕ್ಕೆ ಎಸೀತಿದ್ರು" ಅಂತ ನಮ್ಮವರು ಹೇಳುವಾಗ ಅವರ ಮುಖ ನೋಡಬೇಕಿತ್ತು ನೀವು. ಆರು ವಾರದಲ್ಲಿ ಮೊದಲ ಸಲ ನಕ್ಕದ್ದು. ಮಗ ಅಳತೆಗಳನ್ನೂ ಫೋಟೋವನ್ನೂ ಕಳಿಸಿ ಜಗಳ ಆಡಿದ. ಮಾರಿದವರು ತಕರಾರಿಲ್ಲದೆ ಬೇರೊಂದನ್ನು ಕಳಿಸಿದರು, ಆದರೆ ಅದು ಬರಲು ಇನ್ನೆರಡು ತಿಂಗಳು. ಬಂದದ್ದನ್ನು ಮತ್ತೆ ಅಳೆದೇ ಕೂರಿಸಿದ್ದು.

ನಮ್ಮವರು ಮಾಡಿದ ಕಂಬಿಯನ್ನು ನಾನು ಗುಜರಿಗೆ ಹಾಕಲು ಬಿಡಲಿಲ್ಲ. ಅದೀಗ ನನ್ನ ಹಿತ್ತಲ ಬಾಗಿಲು ಗಾಳಿಗೆ ಹೊಡೆದುಕೊಳ್ಳದಂತೆ ತಡೆಯಲು ಇದೆ. ಮುರಿಯುವ ಮಾತೇ ಇಲ್ಲ!

2025ರ ಕಾರ್ತಿಕ ಮಾಸದ ಒಂದು ಸೋಮವಾರ ಬೆಳಗಿನ ಐದೂವರೆಗೆ ಹೊರಟೆವು. ಮಗನಿಗೆ ಕೊಡದೆ ಯಜಮಾನರೇ ಓಡಿಸಿದರು. ಮೊಸರನ್ನ, ಉಪ್ಪಿನಕಾಯಿ, ಚಕ್ಕುಲಿ ಕಟ್ಟಿಕೊಂಡಿದ್ದೆ. ಅತ್ತೆಯವರು ಮುಂದಿನ ಸೀಟಿನಲ್ಲಿ ಕೂತು, ಮಣಿಕಟ್ಟನ್ನು ಒಮ್ಮೆ ನೇವರಿಸಿಕೊಂಡು, ಮಗನನ್ನೂ ಅಲ್ಲ ಮೊಮ್ಮಗನನ್ನೂ ಅಲ್ಲ, ಹಿಂದೆ ತಿರುಗಿ ನನ್ನನ್ನು ಕೇಳಿದರು, "ಎಲ್ಲ ಸರಿ ಇದೆಯೇನಮ್ಮ?" "ಸರಿ ಇದೆ ಅತ್ತೆ, ನೋಡಿದೀನಿ" ಅಂದೆ. ಪಕ್ಕದ ಮನೆಯಾಕೆ ಮಗುವನ್ನು ಎತ್ತಿಕೊಂಡು ಗೇಟಿನಲ್ಲಿ ನಿಂತಿದ್ದಳು. ಮಗು ಟಾಟಾ ಮಾಡಿತು.

ನೆಲಮಂಗಲ ದಾಟಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗುವವರೆಗೆ ನಾನು ಮುಂದಿನ ಸೀಟಿನ ಬೆನ್ನನ್ನು ಹಿಡಿದುಕೊಂಡೇ ಇದ್ದೆ. ಲಾರಿಗಳು ಪಕ್ಕದಲ್ಲಿ ಹೋದಾಗಲೆಲ್ಲ ಪುಟ್ಟ ಕಾರು ಅದುರುತ್ತಿತ್ತು. ಗಂಟೆಗೆ ಐವತ್ತು ದಾಟಲು ನಾನು ಬಿಡಲಿಲ್ಲ. ಬೆಟ್ಟ ಕಣ್ಣಿಗೆ ಬಿದ್ದ ಕೂಡಲೇ ಅತ್ತೆಯವರು ಕೈಮುಗಿದರು. ಅವರಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ಬುಡದಲ್ಲೇ ಕಾರಿನ ಪಕ್ಕ ಚಾಪೆ ಹಾಸಿ ಕೂರಿಸಿ, ನಾವು ಹೋಗಿ ಪೂಜೆ ಮಾಡಿಸಿ ತೀರ್ಥ ತಂದೆವು. ವಾಪಸು ಬಂದಾಗ ನೋಡಿದರೆ ನಾಲ್ಕಾರು ಜನ ಕಾರಿನ ಸುತ್ತ ನಿಂತಿದ್ದರು, ಇವರು ಅವರಿಗೆ ಬಾನೆಟ್ಟು ಹೇಗೆ ತೆಗೆಯುವುದು ಅಂತ ವಿವರಿಸುತ್ತಿದ್ದರು! "ನಮ್ಮ ಯಜಮಾನ್ರು ತಗೊಂಡಾಗ ಇದು ನೀಲಿ ಸೀಟು, ನಮ್ಮ ಸೊಸೆ ಕೆಂಪು ಮಾಡವ್ಳೆ" ಅಂತ ಸೇರಿಸಿದರು. ಹೊಗಳಿದ್ದೋ ದೂರಿದ್ದೋ ಇನ್ನೂ ಗೊತ್ತಾಗಿಲ್ಲ.

ಅಡಿಗೆಮನೆಯಲ್ಲಿ ಕಡಪಕಲ್ಲು ಹಾಗೇ ಇದೆ. ಹೊಸ ಚೀಟಿ ಸೇರಿದ್ದೇನೆ. ಟ್ರನಿಯನ್ನಿಗೆ ಆರು ತಿಂಗಳಿಗೊಮ್ಮೆ ಎಣ್ಣೆ ಹಾಕುವುದು ಈಗ ನನ್ನ ಜವಾಬ್ದಾರಿ. ಮಾವನವರ ಡೈರಿಯಲ್ಲೇ ಮುಂದಿನ ಖಾಲಿ ಪುಟದಲ್ಲಿ ತಾರೀಖು ಬರೆದಿಡುತ್ತೇನೆ. ಹೊಲಿಗೆಯಂತ್ರಕ್ಕೆ ಹಾಕುವ ತೆಳ್ಳನೆಯ ಎಣ್ಣೆ ಅದಕ್ಕೆ ಆಗದು, ಗೇರಿನ ದಪ್ಪ ಎಣ್ಣೆಯೇ ಬೇಕು. ಅದರ ವಾಸನೆ ಕೈಗೆ ಹತ್ತಿದರೆ ಸೋಪಿಗೆ ಜಗ್ಗುವುದಿಲ್ಲ. ಒಂದು ಚಮಚ ಕಡಲೆಹಿಟ್ಟಿಗೆ ಅರ್ಧ ಹೋಳು ನಿಂಬೆರಸ ಹಿಂಡಿ ಉಜ್ಜಿ ತೊಳೆದರೆ ಹೋಗುತ್ತದೆ, ಮೀನಿನ ವಾಸನೆಗೂ ಆದೀತು.